ಮಲಗಿಸುವುದು, ಎಬ್ಬಿಸುವುದು

ಮೂವತ್ತೊಂದು ವರ್ಷ ಜನರನ್ನು ಮಲಗಿಸಿ ಎಬ್ಬಿಸಿದ್ದೇನೆ. ಅಷ್ಟು ಜನರಲ್ಲಿ ನನ್ನ ಮುಖ ನೆನಪಿಟ್ಟುಕೊಂಡವರು ಬೆರಳೆಣಿಕೆಯಷ್ಟು. ಕುಶಾಲನಗರದ ಸಂತೆಯಲ್ಲಿ ಸರ್ಜನ್ ಕಂಡರೆ ಜನ ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಮಸ್ಕಾರ ಮಾಡುತ್ತಾರೆ. ಪಕ್ಕದಲ್ಲೇ ಬದನೆಕಾಯಿ ಆರಿಸುತ್ತಿರುವ ನನಗೆ ‘ಸ್ವಲ್ಪ ಸರೀರಿ’ ಅನ್ನುತ್ತಾರೆ. ತಪ್ಪೇನಿಲ್ಲ. ನನ್ನ ಹತ್ತಿರ ಬಂದವರು ಹತ್ತು ಎಣಿಸುವುದರೊಳಗೆ ನಿದ್ದೆ ಹೋಗುತ್ತಾರೆ, ಎದ್ದ ಮೇಲೆ ಮೊದಲು ಕೇಳುವುದು ಸರ್ಜನ್ ಎಲ್ಲಿ ಅಂತ. ಅರಿವಳಿಕೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಗಳಿಕೆ ಬೇಕಿದ್ದರೆ ಬೇರೆ ವಿಭಾಗ ನೋಡಿಕೊಳ್ಳಿ.

ನನಗೆ ಕೆಲಸ ಕಲಿಸಿದವರು ಡಾಕ್ಟರ್ ಮುದ್ದಯ್ಯ. ಸೈನ್ಯದಲ್ಲಿದ್ದು ಬಂದವರು, ಮಾತು ಕಡಿಮೆ, ಮೀಸೆ ಜಾಸ್ತಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನನ್ನನ್ನು ತಡೆದು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಹೇಳಮ್ಮ, ಇವನನ್ನ ಹೇಗೆ ಎಬ್ಬಿಸ್ತೀಯ?’ ಇನ್ನೂ ಮಲಗಿಸಿಯೇ ಇರುತ್ತಿರಲಿಲ್ಲ. ಯಾವ ಔಷಧಿಯ ಪರಿಣಾಮ ಎಷ್ಟು ಹೊತ್ತಿಗೆ ಇಳಿಯುತ್ತದೆ, ನಳಿಕೆ ಗಂಟಲಿಗೆ ಇಳಿಯದಿದ್ದರೆ ಎರಡನೆಯ ದಾರಿ ಯಾವುದು, ಅದೂ ಆಗದಿದ್ದರೆ ಮೂರನೆಯದು ಯಾವುದು, ಎಲ್ಲವನ್ನೂ ಬಾಯಿಬಿಟ್ಟು ಹೇಳಿದ ಮೇಲೆಯೇ ಒಳಗೆ ಬಿಡುತ್ತಿದ್ದರು. ಶನಿವಾರಸಂತೆಯ ಜವಳಿ ಅಂಗಡಿಯವರ ಮಗಳು ನಾನು, ಎದುರುತ್ತರಕ್ಕೆ ಕಡಿಮೆಯಿರಲಿಲ್ಲ. ಮನಸ್ಸಿನಲ್ಲೇ ಅವರಿಗೆ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅದೇ ಪ್ರಶ್ನೆ ನನ್ನನ್ನು ಉಳಿಸಿತು. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ಅದಕ್ಕೆ ಮೊದಲು ಕಾಫಿಯ ವಿಷಯ ಹೇಳಿಬಿಡುತ್ತೇನೆ. ಹೊಟ್ಟೆ ಖಾಲಿ ಇರಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಮತ್ತಿನಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹೊಸದರಲ್ಲಿ ಒಬ್ಬ ಹೆಂಗಸನ್ನು ಏನಾದರೂ ತಿಂದಿದ್ದೀರಾ, ಕುಡಿದಿದ್ದೀರಾ ಎಂದು ಕೇಳಿದೆ. ಇಲ್ಲ ಅಂದರು. ದೇವರಾಣೆ ಇಲ್ಲ ಅಂದರು. ಮೇಜಿನ ಮೇಲೆ ಮಲಗಿಸಿದ ಮೇಲೆ ಬಾಯಿಂದ ಕಾಫಿ ವಾಸನೆ ಬಂತು. ಎರಡು ಲೋಟ, ಗಟ್ಟಿ ಹಾಲು ಹಾಕಿದ್ದು. ಯಾಕಮ್ಮ ಸುಳ್ಳು ಹೇಳಿದಿರಿ ಎಂದರೆ ಆಕೆಗೆ ನಿಜಕ್ಕೂ ಆಶ್ಚರ್ಯ. ಕಾಫಿಯನ್ನೂ ಹೇಳಬೇಕಿತ್ತಾ ಅಂದರು. ಆವತ್ತಿನಿಂದ ಪ್ರಶ್ನೆ ಬದಲಾಯಿಸಿದೆ. ‘ಬೆಳಿಗ್ಗೆ ಕಾಫಿ ಎಷ್ಟು ಹೊತ್ತಿಗಾಯ್ತು?’ ಎಂದು ಕೇಳಿದರೆ ಕೊಡಗಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ಹೀಗೆ ಪ್ರಶ್ನೆ ಕೇಳುವುದರಲ್ಲಿ ಪಳಗಿದ್ದೇನೆಂದು ನನಗೆ ಸ್ವಲ್ಪ ಜಂಬ ಬಂದಿದ್ದ ಕಾಲಕ್ಕೆ ರೈಟರ್ ಮಲ್ಲೇಶಪ್ಪ ಬಂದರು.

ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ರೈಟರ್, ಅಂದರೆ ಲೆಕ್ಕ ಬರೆಯುವವರು. ಆಳುಗಳ ಹಾಜರಿ, ಪಿಕ್ಕಿಂಗಿನ ತೂಕ ಎಲ್ಲ ಅವರ ಪುಸ್ತಕದಲ್ಲಿ. ಸಂಜೆ ಕಣದಲ್ಲಿ ತೂಕದ ಮಿಷನ್ ಪಕ್ಕ ನಿಂತು ಒಬ್ಬೊಬ್ಬರ ಚೀಲ ತೂಗಿ, ತೂಕವನ್ನು ಗಟ್ಟಿಯಾಗಿ ಕೂಗಿ ಬರೆದುಕೊಳ್ಳುವವರು. ಅವರ ತೂಕದಲ್ಲಿ ಕಾಲು ಕೇಜಿ ಹೆಚ್ಚುಕಡಿಮೆ ಇರುವುದಿಲ್ಲ ಎಂದು ಆಳುಗಳು ವಾಸಿಸುವ ಲೈನುಮನೆಗಳಲ್ಲಿ ಹೆಸರಿತ್ತು. ವಯಸ್ಸು ನಲವತ್ತಾರು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು. ತೋಟದ ಇಳಿಜಾರು ಹತ್ತಲಾಗುತ್ತಿರಲಿಲ್ಲ. ಮುಂದಿನ ವರ್ಷದ ಪಿಕ್ಕಿಂಗಿನ ಹೊತ್ತಿಗೆ ತೋಟ ಸುತ್ತುವಂತಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಸಾಹುಕಾರರು ನಯವಾಗಿಯೇ ಹೇಳಿದ್ದರಂತೆ. ಆ ವರ್ಷ ನಮ್ಮ ಆಸ್ಪತ್ರೆಗೆ ಮೈಸೂರಿನಿಂದ ಡಾಕ್ಟರ್ ಹರೀಶ್ ಎಂಬ ಸರ್ಜನ್ ತಿಂಗಳಿಗೊಮ್ಮೆ ಬಂದು, ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡುವ ಆಪರೇಷನ್ ಶುರುಮಾಡಿದ್ದರು. ಮಲ್ಲೇಶಪ್ಪ ಹೆಂಡತಿ ಗಿರಿಜಮ್ಮನ ಜೊತೆ ಅವರನ್ನು ಕಾಣಲು ಬಂದು, ಅಲ್ಲಿಂದ ನನ್ನ ಕೋಣೆಗೆ ಬಂದರು.

ನಮ್ಮ ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ನೂರ ಇಪ್ಪತ್ತಕ್ಕೆ ಮುಗಿಯುತ್ತಿತ್ತು. ಅವರು ನಿಂತಾಗ ಮುಳ್ಳು ತುದಿಗೆ ಹೋಗಿ ಬಡಿದು ನಿಂತಿತು. ಕೋಣೆಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಮಲ್ಲೇಶಪ್ಪ ತಲೆ ತಗ್ಗಿಸಿದರು. ನಾನು ಜಾಣತನ ತೋರಿಸಲು ಹೋಗಿ, ನಿಮ್ಮ ಎಸ್ಟೇಟಿನಲ್ಲೇ ಚೀಲ ತೂಗುವ ಮಿಷನ್ ಇದೆಯಲ್ಲ, ಅದರ ಮೇಲೆ ನಿಂತು ಚೀಟಿ ಬರೆದು ತನ್ನಿ ಎಂದೆ. ನಾಲ್ಕು ಜನರೂ ನಕ್ಕರು. ನಾನೂ ನಕ್ಕೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮುಂದಿನ ವಾರ ಚೀಟಿ ಬಂತು. ದುಂಡಗಿನ ಅಕ್ಷರದಲ್ಲಿ ನೂರ ಇಪ್ಪತ್ತಾರು ಎಂದು ಬರೆದು ಸಹಿ ಹಾಕಿದ್ದರು. ಗೊರಕೆ ಇದೆಯಾ ಎಂದು ಕೇಳಿದೆ. ಅಂಥದ್ದೇನಿಲ್ಲ ಅಂದರು. ರಾತ್ರಿ ನಿದ್ದೆ? ಚೆನ್ನಾಗಿ ಬರುತ್ತದೆ. ಗಿರಿಜಮ್ಮ ನೆಲ ನೋಡುತ್ತಾ ನಿಂತಿದ್ದರು. ನನಗೆ ಇನ್ನೂ ಮೂರು ಜನರನ್ನು ನೋಡುವುದಿತ್ತು. ಅವರು ನೆಲ ನೋಡಿದ್ದನ್ನು ಕಂಡೆ, ಬಿಟ್ಟುಬಿಟ್ಟೆ.

ಇಲ್ಲಿ ಕೆಲಸದ ವಿಷಯ ಒಂದಿಷ್ಟು ಹೇಳಬೇಕು. ಔಷಧಿ ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರಾಡುವುದಿಲ್ಲ. ಗಂಟಲಿನಲ್ಲಿ ನಳಿಕೆ ಇಳಿಸಿ ನಾವು ಉಸಿರು ಕೊಡಬೇಕು. ಅಷ್ಟರವರೆಗೆ ಮೊದಲೇ ತುಂಬಿಸಿಟ್ಟ ಆಕ್ಸಿಜನ್ ಮೇಲೆ ಜೀವ ನಡೆಯುತ್ತದೆ. ತೆಳ್ಳಗಿನವರಲ್ಲಿ ಈ ಬಂಡವಾಳ ಸಾಕಷ್ಟು ಹೊತ್ತು ಬರುತ್ತದೆ. ತುಂಬ ದಪ್ಪ ಇರುವವರಲ್ಲಿ ಅದರ ಅರ್ಧವೂ ಬರುವುದಿಲ್ಲ. ಮಲಗಿದರೆ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತದೆ, ಗಂಟಲಿನ ಮಾಂಸ ದಾರಿ ಮುಚ್ಚುತ್ತದೆ. ಆದ್ದರಿಂದ ಅಂಥವರನ್ನು ಚಪ್ಪಟೆಯಾಗಿ ಮಲಗಿಸಬಾರದು. ಬೆನ್ನು, ಹೆಗಲು, ತಲೆಯ ಕೆಳಗೆ ಏರು ಕಟ್ಟಬೇಕು. ಪಕ್ಕದಿಂದ ನೋಡಿದರೆ ಕಿವಿಯ ತೂತು ಮತ್ತು ಎದೆಮೂಳೆಯ ಮೇಲಂಚು ಒಂದೇ ಗೆರೆಯಲ್ಲಿರಬೇಕು. ಆ ಗೆರೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಈಗ ಅದಕ್ಕೆಂದೇ ಗಟ್ಟಿ ಫೋಮಿನ ದಿಂಬು ಬಂದಿದೆ. ಆಗ ನಮ್ಮಲ್ಲಿದ್ದದ್ದು ವಾರ್ಡಿನ ದಿಂಬು, ಮಡಿಸಿದ ಬೆಡ್‌ಶೀಟು.

ಆಪರೇಷನ್ ದಿನ ಆರು ದಿಂಬು ಹಾಕಿ ಏರು ಮಾಡಿದೆವು. ಪಕ್ಕದಿಂದ ಬಗ್ಗಿ ನೋಡಿದೆ, ಗೆರೆ ಸರಿಯಾಗಿತ್ತು. ಸಿಸ್ಟರ್ ಲಿಲ್ಲಿಯೂ ನೋಡಿ ಕರೆಕ್ಟ್ ಅಂದರು. ಆಕ್ಸಿಜನ್ ತುಂಬಿಸಿದೆ, ಔಷಧಿ ಕೊಟ್ಟೆ. ಮೈಯ ಬಿಗಿ ಇಳಿಯುತ್ತಿದ್ದಂತೆ ನನ್ನ ಕಣ್ಣೆದುರೇ ಅವರ ಹೆಗಲು ದಿಂಬಿನೊಳಗೆ ಕುಸಿಯಿತು, ತಲೆ ಹಿಂದಕ್ಕೆ ಜಾರಿತು. ಅಲ್ಲಿಯವರೆಗೆ ಆ ಮನುಷ್ಯ ತನ್ನ ಮೈಯನ್ನು ತಾನೇ ಎತ್ತಿ ಹಿಡಿದಿದ್ದರು. ನಾನು ನೋಡಿದ ಗೆರೆ ದಿಂಬಿನದಲ್ಲ, ಅವರ ಭಯದ್ದು.

ಬಾಯೊಳಗೆ ನೋಡಿದರೆ ನಾಲಿಗೆ ಬಿಟ್ಟು ಏನೂ ಕಾಣಲಿಲ್ಲ. ಮಾಸ್ಕಿನಿಂದ ಉಸಿರು ಕೊಟ್ಟು, ತಲೆ ಎತ್ತಿ, ಇನ್ನೊಮ್ಮೆ ನೋಡಿದೆ. ಅದೇ ಕಥೆ. ಆಕ್ಸಿಜನ್ ಅಳೆಯುವ ಯಂತ್ರದ ಸದ್ದು ಇಳಿಮುಖವಾಗತೊಡಗಿತು. ಅದರ ದನಿ ದಪ್ಪವಾದರೆ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತಿದೆ ಎಂದರ್ಥ. ಎರಡೂ ಕೈಯಲ್ಲಿ ಮಾಸ್ಕನ್ನು ಮುಖಕ್ಕೆ ಒತ್ತಿ ದವಡೆ ಎಳೆದು ಹಿಡಿದೆ, ಲಿಲ್ಲಿ ಬ್ಯಾಗು ಒತ್ತಿದರು. ಸದ್ದು ಇಳಿಯುವುದು ನಿಂತಿತು. ಹರೀಶ್ ಕೈ ತೊಳೆದು ಗ್ಲೌಸ್ ಹಾಕಿ ನಿಂತಿದ್ದರು. ಇನ್ನೊಂದು ಸಲ ಟ್ರೈ ಮಾಡಿ ಮೇಡಂ, ನಾನು ಮೈಸೂರಿಂದ ಬಂದಿದ್ದೀನಿ ಅಂದರು. ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಮುದ್ದಯ್ಯನವರ ದನಿ ಬಿಟ್ಟು ಬೇರೆ ಏನೂ ಇರಲಿಲ್ಲ. ಬೇಗ ಇಳಿಯುವ ಔಷಧಿಯನ್ನೇ ಕೊಟ್ಟಿದ್ದೆ, ಅವರು ಕಲಿಸಿದ್ದ ಅಭ್ಯಾಸ.

‘ಇಲ್ಲ. ಎಬ್ಬಿಸ್ತೀನಿ’ ಎಂದೆ.

ಐದಾರು ನಿಮಿಷ ಕಳೆದಿರಬೇಕು. ಬೆರಳು ಅಲ್ಲಾಡಿತು, ಎದೆ ತಾನಾಗಿ ಎದ್ದಿತು. ಲಿಲ್ಲಿ ಶಿಲುಬೆ ಗುರುತು ಮಾಡಿಕೊಂಡರು. ಹರೀಶ್ ಗ್ಲೌಸ್ ಕಿತ್ತು ಬಕೆಟ್ಟಿಗೆ ಎಸೆದು ಹೊರಗೆ ಹೋದರು. ಕಲಿಯಲು ಬಂದ ಮಕ್ಕಳೇ, ಈ ಕೆಲಸದಲ್ಲಿ ಮೂರನೆಯ ಸಲ, ನಾಲ್ಕನೆಯ ಸಲ ಎಂದು ಹಟ ಹಿಡಿಯುವುದು ಬಹಳ ಸುಲಭ. ಸುತ್ತ ನಿಂತವರೆಲ್ಲ ಅದನ್ನೇ ಬಯಸುತ್ತಿರುತ್ತಾರೆ. ನಿಲ್ಲಿಸುವುದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

ಮಲ್ಲೇಶಪ್ಪ ಕಣ್ಣುಬಿಟ್ಟು ಆಯ್ತಾ ಎಂದು ಕೇಳಿದರು. ಆಗಿಲ್ಲ, ನಾನೇ ನಿಲ್ಲಿಸಿದೆ, ತಪ್ಪು ನನ್ನದು ಎಂದೆ. ಅವರು ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನ ಗಿರಿಜಮ್ಮ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

‘ಇವ್ರು ಮಲಗಿ ಎರಡು ವರ್ಷ ಆಯ್ತು ಡಾಕ್ಟ್ರಮ್ಮ’ ಅಂದರು. ‘ಮಲಗಿದ್ರೆ ಉಸಿರು ಕಟ್ಟುತ್ತೆ. ಕುರ್ಚೀಲಿ ಕೂತೇ ಕಣ್ ಮುಚ್ತಾರೆ. ನಾನು ಪಕ್ಕದಲ್ಲಿ ಚಾಪೆ ಹಾಕ್ಕೊಂಡು ಕೇಳ್ತಿರ್ತೀನಿ. ಗೊರಕೆ ನಿಂತ್ರೆ ಭಯ, ಕಾಲು ಅಲ್ಲಾಡಿಸಿ ಎಬ್ಬಿಸ್ತೀನಿ. ಯಾರಿಗೂ ಹೇಳ್ಬೇಡ ಅಂದಿದ್ರು. ಆ ಚೀಟೀನೂ ಸುಳ್ಳು. ಗುಡ್ಡ ಹತ್ತೋದು ಬಿಡಿ, ಒಂದಿನ ಮಂಚದ ಮೇಲೆ ಮಲಗ್ಲಿ ಅಂತ ನನ್ನಾಸೆ.’

ನನಗೆ ಅವರ ಮುಖ ನೋಡಲಾಗಲಿಲ್ಲ. ಎರಡು ವರ್ಷ ದಿನವೂ ಆಕೆ ಮಾಡಿದ್ದು ನನ್ನ ಕೆಲಸವನ್ನೇ. ಉಸಿರು ಕೇಳುವುದು, ನಿಂತರೆ ಎಬ್ಬಿಸುವುದು. ನಾನು ಒಂದೇ ಒಂದು ಪ್ರಶ್ನೆಯನ್ನು ಆಕೆಯನ್ನು ಕೇಳಿದ್ದರೆ ಸಾಕಿತ್ತು.

ಸುಳ್ಳು ಚೀಟಿ ಬರೆದದ್ದಕ್ಕೆ ಅವರನ್ನು ಬೈಯುವ ಹಕ್ಕು ನನಗಿಲ್ಲ. ಕಳೆದ ವರ್ಷ ಪಿತ್ತಕೋಶದ ಕಲ್ಲಿಗೆ ನಾನೇ ಆಪರೇಷನ್ ಮಾಡಿಸಿಕೊಂಡೆ. ನನ್ನ ಕೈಯಲ್ಲೇ ಪಳಗಿದ ಅಶ್ವಿನಿ ಎಂಬ ಹುಡುಗಿ ತೂಕ ಎಷ್ಟು ಮೇಡಂ ಎಂದು ಕೇಳಿದಳು. ಅರವತ್ತೆಂಟು ಎಂದೆ. ಹುಡುಗಿ ತೂಕದ ಯಂತ್ರ ತಂದು ನನ್ನ ಕಾಲ ಬಳಿ ಇಟ್ಟಳು. ಎಪ್ಪತ್ನಾಲ್ಕು ಬಂತು. ಅವಳು ನಗಲಿಲ್ಲ. ಅದನ್ನು ಕಲಿಸಿದ್ದು ನಾನೇ.

ಮಲ್ಲೇಶಪ್ಪ ಮನೆಗೆ ಹೋದವರು ತಿರುಗಿ ಬರಲಿಲ್ಲ. ಮಲಗುವಾಗ ಮುಖಕ್ಕೆ ಕಟ್ಟಿಕೊಂಡರೆ ಗಾಳಿಯ ಒತ್ತಡದಿಂದ ಗಂಟಲಿನ ದಾರಿ ತೆರೆದಿಡುವ ಯಂತ್ರವೊಂದನ್ನು ಮೈಸೂರಿನಿಂದ ತರಿಸಿದ್ದೆ. ಅದನ್ನು ಒಯ್ಯಲೂ ಬರಲಿಲ್ಲ. ಮೂರು ವಾರ ನೋಡಿ, ಒಂದು ಭಾನುವಾರ ಯಂತ್ರವನ್ನು ಕಾರಿನಲ್ಲಿ ಹಾಕಿಕೊಂಡು ನಾನೇ ಮಾದಾಪುರಕ್ಕೆ ಹೊರಟೆ. ಡಾಕ್ಟರು ರೋಗಿಯನ್ನು ಹುಡುಕಿಕೊಂಡು ಹೋಗುವುದುಂಟೇ ಎಂದು ನಮ್ಮೆಜಮಾನರು ತಮಾಷೆ ಮಾಡಿದರು. ಹೋಗದಿದ್ದರೆ ಊಟ ಸೇರುತ್ತಿರಲಿಲ್ಲ.

ಸಂಜೆ ನಾಲ್ಕೂವರೆ ಇರಬಹುದು. ಆ ವರ್ಷದ ಪಿಕ್ಕಿಂಗಿನ ಕೊನೆಯ ದಿನಗಳಾದ್ದರಿಂದ ಭಾನುವಾರವೂ ಕೆಲಸವಿತ್ತು, ಕಣದಲ್ಲಿ ತೂಕ ಮುಗಿಯುತ್ತಾ ಬಂದಿತ್ತು. ಮಲ್ಲೇಶಪ್ಪ ಸ್ಟೂಲಿನ ಮೇಲೆ ಕುಳಿತು ಕೂಗಿ ಬರೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದರು, ಆಗಲಿಲ್ಲ. ಆಳುಗಳೆಲ್ಲ ಲೈನುಮನೆಗಳ ಕಡೆ ಹೋಗುವವರೆಗೆ ಕಾದೆ. ಆಮೇಲೆ ನಾನೇ ಚಪ್ಪಲಿ ಬಿಟ್ಟು ಮಿಷನ್ ಮೇಲೆ ಹತ್ತಿ ನಿಂತೆ. ಓದಿ ಅಂದೆ. ಅವರು ಓದಿದರು. ಬರೀರಿ ಅಂದೆ. ಬರೆದರು. ನಾನು ಇಳಿದು ಪಕ್ಕಕ್ಕೆ ನಿಂತೆ. ಗಿರಿಜಮ್ಮ ಗೋಡೌನಿನ ಬಾಗಿಲಲ್ಲಿ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಮಲ್ಲೇಶಪ್ಪ ಪುಸ್ತಕ ನನ್ನ ಕೈಗೆ ಕೊಟ್ಟು, ಮಿಷನ್ ಹಿಡಿದು ಎದ್ದು ಅದರ ಮೇಲೆ ಹತ್ತಿದರು. ಇಪ್ಪತ್ತು ವರ್ಷದಿಂದ ಊರವರ ಚೀಲದ ತೂಕ ಕೂಗಿದವರ ತೂಕವನ್ನು ನಾನು ಮೆಲ್ಲಗೆ ಓದಿದೆ. ನೂರ ಐವತ್ತೊಂದು.

‘ಜನ ಚೀಲ ತೂಗ್ದಂಗೆ ನನ್ನ ತೂಗ್ತಾರಲ್ಲ ಅಂತ ಮನಸ್ಸಿಗೆ ಬೇಜಾರಾಗಿತ್ತು ಡಾಕ್ಟ್ರೆ’ ಅಂದರು. ‘ನನ್ನ ಕೈಯಾರೆ ಬರೆದ ಸುಳ್ಳು ತೂಕ ಅದೊಂದೇ.’

ಆ ಮಾತು ನನ್ನನ್ನು ಚುಚ್ಚಿತು. ಚೀಲ ತೂಗುವ ಮಿಷನ್ ಎಂದು ನಾಲ್ಕು ಜನರೆದುರು ಹೇಳಿದ್ದು ನಾನು. ಕ್ಷಮಿಸಿ ಎಂದು ಕೇಳಿದೆ. ಅವರಿಗೆ ನನಗಿಂತ ಹೆಚ್ಚು ಸಂಕೋಚವಾಯಿತು, ಕಾಫಿ ತರಲು ಹೆಂಡತಿಗೆ ಹೇಳಿದರು.

ಗೋಡೌನಿನ ಒಳಗೆ ಕುಳಿತು ಕಾಫಿ ಕುಡಿಯುವಾಗ ನನ್ನ ಕಣ್ಣು ಚೀಲಗಳ ಅಟ್ಟಿಯ ಮೇಲೆ ಬಿತ್ತು. ಒಣಗಿದ ಕಾಫಿಯ ಚೀಲಗಳು, ಸೂರಿನ ಹತ್ತಿರದವರೆಗೆ, ಗೋಡೆಗೆ ಒರಗದೆ ಗಾರೆಯವರು ತೂಗುಗುಂಡು ಬಿಟ್ಟ ಹಾಗೆ ನೇರ ನಿಂತಿದ್ದವು. ನನ್ನ ಆರು ದಿಂಬು ಒಬ್ಬ ಮನುಷ್ಯನನ್ನು ತಡೆಯಲಿಲ್ಲ, ಇದು ಹೇಗೆ ಕುಸಿಯುವುದಿಲ್ಲ ಎಂದು ಕೇಳಿದೆ. ಮಲ್ಲೇಶಪ್ಪನ ಮುಖಕ್ಕೆ ಅವತ್ತು ಮೊದಲ ಸಲ ಕಳೆ ಬಂತು. ಮೆತ್ತಗಿನದ್ದರ ಮೇಲೆ ಮೆತ್ತಗಿನದ್ದು ಹಾಕಿದರೆ ಕುಸಿಯದೆ ಇನ್ನೇನು ಎಂದು ನನಗೇ ಪಾಠ ಮಾಡಿದರು. ಚೀಲವನ್ನು ಮೊದಲು ಬಡಿದು ಚಪ್ಪಟೆ ಮಾಡಬೇಕಂತೆ. ಒಂದು ವರಸೆ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಅದರ ಮೇಲಿನದು ಮತ್ತೆ ಉದ್ದಕ್ಕೆ. ಬಾಯಿ ಒಳಗಡೆಗೆ. ಆಗ ಒಂದನ್ನೊಂದು ಹಿಡಿದುಕೊಂಡು ಕೂರುತ್ತವೆ. ಹೇಳುತ್ತಾ ಹೇಳುತ್ತಾ ಇಬ್ಬರು ಆಳುಗಳನ್ನು ಕೂಗಿ ಕರೆದು, ಮೆಟ್ಟಿಲಿನ ಹಾಗೆ ಮೂರು ಹಂತದ ಅಟ್ಟಿ ಹಾಕಿಸಿದರು. ಮೇಲೆ ಕಂಬಳಿ ಹಾಸಿ, ಹಿಂಗಿದ್ರೆ ಆಗ್ತಿತ್ತಾ ನೋಡಿ ಎಂದು ತಾವೇ ಒರಗಿದರು.

ಪಕ್ಕದಲ್ಲಿ ಮಂಡಿಯೂರಿ ನೋಡಿದೆ. ಕಿವಿ, ಎದೆಮೂಳೆ, ಒಂದೇ ಗೆರೆ. ಆದರೆ ಒಮ್ಮೆ ಮೋಸ ಹೋದವಳು ನಾನು. ಮೈ ಬಿಗಿ ಹಿಡಿಯಬೇಡಿ, ಪೂರ್ತಿ ಬಿಡಿ ಅಂದೆ. ಅಷ್ಟು ಹೊತ್ತಿಗೆ ಮಲ್ಲೇಶಪ್ಪ ನಿದ್ದೆ ಹೋಗಿದ್ದರು. ಗೊರಕೆ ಶುರುವಾಯಿತು, ತಗಡಿನ ಸೂರು ನಡುಗುವಂಥದ್ದು. ನಡುವೆ ನಿಂತಿತು. ಗಿರಿಜಮ್ಮನ ಕೈ ಅವರ ಕಾಲಿನ ಕಡೆ ಹೋಯಿತು. ನಾನು ಆಕೆಯ ಕೈ ಹಿಡಿದುಕೊಂಡು ಎಣಿಸಿದೆ. ತಂದಿದ್ದ ಯಂತ್ರದ ಮಾಸ್ಕನ್ನು ಮೆಲ್ಲಗೆ ಅವರ ಮುಖಕ್ಕೆ ಇಟ್ಟು ಗುಂಡಿ ಒತ್ತಿದೆ. ಉಸಿರು ಮತ್ತೆ ಹರಿಯಿತು, ಆಮೇಲೆ ನಿಲ್ಲಲಿಲ್ಲ. ಗೆರೆ ಒಂದು ಬೆರಳಿನಷ್ಟೂ ಕದಲಲಿಲ್ಲ. ಅರ್ಧ ಗಂಟೆ ನಾವಿಬ್ಬರೂ ಚೀಲಗಳ ನಡುವೆ ಕುಳಿತು ಆ ಮನುಷ್ಯ ಮಲಗಿದ್ದನ್ನು ನೋಡಿದೆವು. ನನ್ನ ಇಡೀ ಕೆಲಸದಲ್ಲಿ ಅಷ್ಟು ಸಮಾಧಾನದಿಂದ ಯಾರ ಗಂಟಲನ್ನೂ ಪರೀಕ್ಷೆ ಮಾಡಿಲ್ಲ.

ಮುಂದಿನದು ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಯಂತ್ರ ಕಟ್ಟಿಕೊಂಡರೆ ಆನೆ ಸೊಂಡಿಲು ಬಂದ ಹಾಗಾಗುತ್ತದೆ ಎಂದು ಅವರು ಹಟ ಮಾಡಿದರು, ಗಿರಿಜಮ್ಮ ಬಿಡಲಿಲ್ಲ. ಆಸ್ಪತ್ರೆಯ ಟೈಲರ್ ಕೈಯಲ್ಲಿ ರೆಕ್ಸಿನ್ನಿನ ಎಂಟು ಚೀಲ ಹೊಲಿಸಿ, ಒಳಗೆ ಒತ್ತಿ ಮಡಿಸಿದ ಕಂಬಳಿ ತುಂಬಿಸಿದೆ. ಹೆಚ್ಚು ತೂಕ ತಡೆಯುವ ಹೊಸ ಮೇಜು ಬೇಕೆಂದು ಆಡಳಿತದವರ ಜೊತೆ ಜಗಳವಾಡಿದೆ. ಹರೀಶ್ ಜೊತೆ ಮಾತು ಬಿಟ್ಟಿದ್ದೆ, ಅವರೇ ಒಂದು ದಿನ ಫೋನ್ ಮಾಡಿ, ಅವತ್ತು ನೀವು ಮಾಡಿದ್ದು ಸರಿ, ನನಗೆ ಆ ಕ್ಷಣ ತಿಳೀಲಿಲ್ಲ ಅಂದರು. ಹಾಗೆ ಹೇಳುವ ಸರ್ಜನ್ ಸಿಕ್ಕರೆ ಬಿಡಬೇಡಿ. ಎರಡು ತಿಂಗಳ ನಂತರ ಬರುವಾಗ ತುದಿಯಲ್ಲಿ ಕ್ಯಾಮೆರಾ ಇರುವ ಹೊಸ ಉಪಕರಣವನ್ನೂ ಮೈಸೂರಿನಿಂದ ಹೊತ್ತು ತಂದರು. ಅದರಿಂದ ಗಂಟಲೊಳಗಿನದು ಪರದೆಯ ಮೇಲೆ ಕಾಣುತ್ತದೆ. ನಾವು ಕಲಿಯುವಾಗ ಒಂದು ಕಣ್ಣು ಮುಚ್ಚಿ ಬಾವಿಯೊಳಗೆ ಇಣುಕಿದ ಹಾಗೆ ನೋಡಬೇಕಿತ್ತು.

ಆ ಬೆಳಿಗ್ಗೆ ಥಿಯೇಟರಿನಲ್ಲಿ ಅಟ್ಟಿ ಹಾಕಿಸಿದ್ದು ಮಲ್ಲೇಶಪ್ಪನೇ. ಆಸ್ಪತ್ರೆಯ ಬಟ್ಟೆ, ತಲೆಗೆ ಟೋಪಿ, ಗಾಲಿಕುರ್ಚಿಯಲ್ಲಿ ಕುಳಿತು, ಸಿಸ್ಟರ್ ಅದು ಅಡ್ಡಕ್ಕೆ, ಇದು ಉದ್ದಕ್ಕೆ ಎಂದು ಲಿಲ್ಲಿಗೆ ಹೇಳುತ್ತಿದ್ದರು. ಎಸ್ಟೇಟಲ್ಲಿ ಒಂದು ಕೆಲಸ ಕೊಡಿಸ್ತೀರಾ ರೈಟರೇ ಎಂದು ಲಿಲ್ಲಿ ಕೇಳಿದರು. ಗಂಟಲು ಮರಗಟ್ಟಿಸಿ, ಎಚ್ಚರವಿರುವಾಗಲೇ ಒಮ್ಮೆ ಇಣುಕಿ ನೋಡಿದೆ, ದಾರಿ ಕಂಡಿತು. ಆಮೇಲೆ ಮಲಗಿಸಿದೆ. ಮೈ ಸಡಿಲವಾಯಿತು, ಅಟ್ಟಿ ಅಲ್ಲಾಡಲಿಲ್ಲ. ಪರದೆಯ ಮೇಲೆ ಧ್ವನಿಪೆಟ್ಟಿಗೆ ಬೆಳ್ಳಗೆ ಕಂಡಿತು, ನಳಿಕೆ ಮೊದಲ ಸಲಕ್ಕೇ ಇಳಿಯಿತು. ಆಕ್ಸಿಜನ್ ಅಳೆಯುವ ಯಂತ್ರದ ಸದ್ದು ಒಂದೇ ದನಿಯಲ್ಲಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಅದು ನನ್ನ ಮಾಸ್ಕಿನೊಳಗೇ ಇಳಿದದ್ದರಿಂದ ಮರ್ಯಾದೆ ಉಳಿಯಿತು. ಆಪರೇಷನ್ ಮುಗಿದ ಮೇಲೂ ಅವಸರ ಮಾಡಲಿಲ್ಲ. ಅವರು ಪೂರ್ತಿ ಎಚ್ಚರವಾಗಿ, ಕುಳಿತು, ನನ್ನ ಕೈ ಗಟ್ಟಿಯಾಗಿ ಹಿಚುಕಿದ ಮೇಲೆಯೇ ನಳಿಕೆ ತೆಗೆದೆ. ಇಂಥವರಲ್ಲಿ ತೆಗೆಯುವುದೂ ಹಾಕುವಷ್ಟೇ ಅಪಾಯದ ಕೆಲಸ.

ಅದಾದ ಮೇಲೆ ನಮ್ಮಲ್ಲಿ ತುಂಬ ದಪ್ಪ ಇರುವವರು ಯಾರೇ ಬರಲಿ, ‘ರೈಟರ್ ಅಟ್ಟಿ ಹಾಕಿ’ ಎಂದೇ ಹೇಳುವುದು ರೂಢಿಯಾಯಿತು. ಈಗ ಫೋಮಿನ ದಿಂಬು ಬಂದರೂ ಹೊಸ ಹುಡುಗಿಯರು ಅದನ್ನೇ ರೈಟರ್ ಅಟ್ಟಿ ಅನ್ನುತ್ತಾರೆ, ಯಾವ ರೈಟರ್ ಎಂದು ಅವರಿಗೆ ಗೊತ್ತಿಲ್ಲ. ತೂಕದ ಯಂತ್ರವನ್ನು ಪರದೆಯ ಹಿಂದೆ ಇಡಿಸಿದೆ. ಗೊರಕೆಯ ಪ್ರಶ್ನೆಯನ್ನು ರೋಗಿಗೆ ಕೇಳುವುದು ಬಿಟ್ಟೆ. ಪಕ್ಕದಲ್ಲಿ ಮಲಗುವವರನ್ನು ಬೇರೆ ಕರೆದು ಕೇಳುತ್ತೇನೆ.

ಮಲ್ಲೇಶಪ್ಪ ತಿಂಗಳಿಗೊಂದು ಚೀಟಿ ಕಳಿಸುತ್ತಿದ್ದರು. ನೂರ ಮೂವತ್ತೆಂಟು, ನೂರ ಇಪ್ಪತ್ತೊಂಬತ್ತು, ನೂರ ಹದಿನೆಂಟು. ಎಲ್ಲಕ್ಕೂ ಸಹಿ. ಪಿಕ್ಕಿಂಗ್ ಶುರುವಾದಾಗ ಕೋಲು ಹಿಡಿದು ತೋಟ ಸುತ್ತಿದರಂತೆ. ಆಪರೇಷನ್ ಆಗಿ ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ನಾನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಗಿರಿಜಮ್ಮ. ದನಿ ಗಾಬರಿಯಲ್ಲಿತ್ತು, ಆದರೆ ಪಿಸುಮಾತು.

‘ಡಾಕ್ಟ್ರಮ್ಮ, ಇವ್ರು ಊಟ ಮಾಡಿ ಮಂಚದ ಮೇಲೆ ಹಂಗೇ ಮಲಗ್ಬಿಟ್ರು. ಮಿಷನ್ನೂ ಹಾಕ್ಕೊಂಡಿಲ್ಲ. ಗೊರಕೇನೇ ಇಲ್ಲ. ನಂಗೆ ಭಯ ಆಗ್ತಿದೆ, ನೀವೇ ಒಂಚೂರು ಕೇಳಿ.’

ಫೋನನ್ನು ಅವರ ಮುಖದ ಹತ್ತಿರ ಹಿಡಿದಿರಬೇಕು. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ದೂರದಲ್ಲೆಲ್ಲೋ ಕೋಳಿ ಕೂಗಿದ್ದು ಕೇಳಿಸಿತು, ಮತ್ತೇನೂ ಇಲ್ಲ.

‘ಎದೆ ಮೇಲೆ ಕೈ ಇಟ್ಟು ನೋಡಿ. ಏರಿಳೀತಾ ಇದೆಯಾ?’ ಎಂದು ಕೇಳಿದೆ.

ಫೋನ್ ಮಂಚದ ಮೇಲಿಟ್ಟ ಸದ್ದು, ಬಳೆಯ ಸದ್ದು ಕೇಳಿಸಿತು.

‘ಇದೆ’ ಅಂದರು ಗಿರಿಜಮ್ಮ. ‘ನಿಧಾನಕ್ಕೆ ಏರಿಳೀತಾ ಇದೆ. ಎಬ್ಬಿಸ್ಲಾ?’

‘ಬೇಡಮ್ಮ’ ಎಂದೆ. ‘ಎಬ್ಬಿಸ್ಬೇಡಿ. ನೀವೂ ಒಂಚೂರು ಮಲಕ್ಕೊಳಿ.’